ಹಗುರ ರೈಫಲ್, ದೊಡ್ಡ ಕಂಪನಿ: ಕೊಳ್ಳುವ ಮುಂಚೆ ಮರದ ಹಿಡಿ ಬಿಚ್ಚಿಸಿ ನೋಡಿ

ಮೈಸೂರು, ಮಂಡ್ಯ ಕಡೆ ಲೈಸೆನ್ಸ್ ಇಟ್ಟುಕೊಂಡು ಹಳೆಯ ಫಾರಿನ್ ರೈಫಲ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಾಗದಪತ್ರ ಎಲ್ಲಾ ಸರಿಯಾಗಿದ್ದೂ ರೈಫಲ್ಲೇ ಸರಿಯಿಲ್ಲದೆ ಇರಬಹುದು. ಹಾಗಾದರೆ ಕಾನೂನು ಮೊದಲು ಕೇಳುವುದು ಈಗ ರೈಫಲ್ ಯಾರ ಕೈಯಲ್ಲಿದೆಯೋ ಅವರನ್ನೇ. ನಮ್ಮ ಭಾವ ಈಗ ಅನುಭವಿಸುತ್ತಿರುವುದು ಇದನ್ನೇ.

ಭಾವ ಮದ್ದೂರು ಕಡೆಯವರು. ಕಬ್ಬು, ಭತ್ತ ಬೆಳೆಯುತ್ತಾರೆ. ಅವರ ತಂದೆಯ ಕಾಲದಿಂದ ಮನೆಯಲ್ಲಿ ಲೈಸೆನ್ಸ್ ಇದೆ. ಒಂದು ಜೋಡಿ ನಳಿಗೆಯ ತೋಟಾಕೋವಿ, ಇನ್ನೊಂದು ಇಶಾಪುರ ಫ್ಯಾಕ್ಟರಿಯ .315 ರೈಫಲ್. ಬೇಟೆಗೆ ಅಂತ ಯಾರೂ ಅಂದುಕೊಳ್ಳಬೇಡಿ. ಕಂಪನಿಗಳು ಇವನ್ನು 'ಹಂಟಿಂಗ್ ರೈಫಲ್' ಅಂತ ಮಾರಿದರೂ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಷೇಧ. ಬೆಳೆ ಹಾಳು ಮಾಡುವ ಹಂದಿಗೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಗುಂಡು ಹೊಡೆಯುವ ಹಾಗಿಲ್ಲ. ಭಾವನಿಗೆ ಶೂಟಿಂಗ್ ರೇಂಜಿನಲ್ಲಿ ಗುರಿ ಹೊಡೆಯುವುದು ಇಷ್ಟ. ರಾತ್ರಿ ಕಬ್ಬಿನ ಗದ್ದೆ ಕಡೆ ಹೋಗುವಾಗ ಜೊತೆಗೆ ಕೋವಿ ಇದ್ದರೆ ಧೈರ್ಯ. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುವುದು ಈಗ ಹೊಸ ಸುದ್ದಿಯೇನಲ್ಲ, ಅಲ್ವಾ?

ವಯಸ್ಸು ಅರವತ್ತು ದಾಟಿತು. ಹೆಗಲ ನೋವು ಶುರುವಾಯಿತು. ಆ .315 ಭಾರ ಅನ್ನಿಸತೊಡಗಿತು. ಹಗುರವಾದದ್ದು ಬೇಕು ಅಂತ ಅಲ್ಲಿ ಇಲ್ಲಿ ಹೇಳಿದ್ದರು. ಒಬ್ಬ ಮಧ್ಯವರ್ತಿಯ ಕಿವಿಗೂ ಅದು ಬಿತ್ತು.

"ಯುರೋಪಿನ ನಂಬರ್ ಒನ್ ಕಂಪನಿ ಸಾರ್. ಬೋರ್ .30-06. ಎರಡು ಮುಕ್ಕಾಲು ಕೆ.ಜಿ. ಅಷ್ಟೇ. ಕೂಸು ಎತ್ಕೊಂಡ ಹಂಗೆ ಎತ್ಕೊಂಡು ಓಡಾಡಬೌದು" ಅಂತ ಫೋಟೋ ತೋರಿಸಿದ. ಬೆಲೆ ನಾಲ್ಕು ಲಕ್ಷದ ಹತ್ತಿರ.

ಇಷ್ಟು ಬೆಲೆ ಯಾಕೆ ಅಂತ ಕೆಲವರಿಗೆ ಆಶ್ಚರ್ಯ ಆಗಬಹುದು. 1980ರ ದಶಕದಿಂದ ನಮ್ಮ ದೇಶದಲ್ಲಿ ಸಾಮಾನ್ಯ ಜನರು ಹೊರಗಿನಿಂದ ಬಂದೂಕು ತರಿಸುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಹೆಸರು ಮಾಡಿದ ಶೂಟರ್‌ಗಳಿಗೆ, ರೈಫಲ್ ಕ್ಲಬ್‌ಗಳಿಗೆ ಮಾತ್ರ ಅವಕಾಶ. ಹಾಗಾಗಿ ಇಲ್ಲಿ ಕೈಯಿಂದ ಕೈಗೆ ಓಡಾಡುವ ಫಾರಿನ್ ರೈಫಲ್‌ಗಳು ಹೆಚ್ಚಿನವು ಹಳೆಯವು. ಅವುಗಳ ಬೆಲೆ ಕಂಪನಿ ಹೆಸರಿನ ಮೇಲೆ ನಿಲ್ಲುತ್ತದೆ, ರೈಫಲ್ ಈಗ ಹೇಗಿದೆ ಅನ್ನುವುದರ ಮೇಲಲ್ಲ. ನಮ್ಮ ಮೈಸೂರಿನವರಿಗಂತೂ ಈ ಹೆಸರುಗಳ ಮೇಲೆ ಮೋಹ ಜಾಸ್ತಿ. ಅರಮನೆಯ ಶಿಕಾರಿ, ಕಾಕನಕೋಟೆಯ ಖೆಡ್ಡಾ, ಹುಲಿಯ ಚರ್ಮ ಹದ ಮಾಡಿ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಕಾರ್ಖಾನೆ ಇವೆಲ್ಲ ಇದ್ದ ಊರು ಇದು. ಹಿರಿಯರ ಬಾಯಲ್ಲಿ ರಿಗ್ಬಿ, ಮಾನ್‌ಲಿಷರ್ ಅನ್ನುವ ಹೆಸರು ಕೇಳಿ ಬೆಳೆದವರು ಇನ್ನೂ ಇದ್ದಾರೆ. ಮಧ್ಯವರ್ತಿಗಳಿಗೆ ಇದು ಚೆನ್ನಾಗಿ ಗೊತ್ತು.

ಭಾವನಿಗೆ ಇನ್ನೊಂದು ಕಷ್ಟ ಇತ್ತು. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಒಬ್ಬರು ಎರಡು ಬಂದೂಕು ಮಾತ್ರ ಇಟ್ಟುಕೊಳ್ಳಬಹುದು, ಮೊದಲು ಮೂರು ಇತ್ತು. ಹೊಸದು ಬರಬೇಕಾದರೆ ಹಳೆಯದೊಂದು ಹೋಗಬೇಕು. ತಂದೆಯ ಆ .315 ಕೊಟ್ಟುಬಿಟ್ಟರು. ಈ ಇಡೀ ಕತೆಯಲ್ಲಿ ನನಗೆ ಹೆಚ್ಚು ಸಂಕಟ ಆಗುವುದು ಇದಕ್ಕೇ. ಹೋದ ದುಡ್ಡನ್ನು ಹೇಗೋ ದುಡಿಯಬಹುದು.

ಕಾಗದದಲ್ಲಿ ಯಾವ ಕೊರತೆಯೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಲೈಸೆನ್ಸ್ ಇರುವ ಒಬ್ಬರು ಇನ್ನೊಬ್ಬರಿಗೆ ಬಂದೂಕು ಮಾರುವ ಮುಂಚೆ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯಬೇಕು. ಮಧ್ಯವರ್ತಿ "ಎಲೆಕ್ಷನ್ ಬರ್ತಾ ಇದೆ ಸಾರ್, ಆಮೇಲೆ ಗನ್ನೆಲ್ಲ ಸ್ಟೇಷನ್‌ನಲ್ಲಿ ಇಡಬೇಕಾಗುತ್ತೆ, ಬೇಗ ಮುಗಿಸಿಬಿಡಿ" ಅಂತ ಆತುರ ಮಾಡಿದರೂ ಭಾವ ಒಪ್ಪಲಿಲ್ಲ. ದಿನ ಕಾದರು. ಲೈಸೆನ್ಸ್ ಪುಸ್ತಕದಲ್ಲಿ ನಂಬರ್ ಏರಿಸಿಕೊಂಡರು. ರೈಫಲ್ ಮೇಲಿದ್ದ ನಂಬರ್, ಕಾಗದದ ನಂಬರ್ ಎರಡೂ ಒಂದೇ ಆಗಿದ್ದವು.

ರೇಂಜಿಗೆ ಹೋದಾಗ ನಾನೂ ಜೊತೆಗಿದ್ದೆ. ಮೊದಲ ಗುಂಡಿಗೇ ನಳಿಗೆಯ ಬಾಯಲ್ಲಿ ದೊಡ್ಡ ಬೆಂಕಿ. ಕಿವಿಗೆ ಮುಚ್ಚಿಕೊಂಡಿದ್ದರೂ ಗುಂಯ್ ಅಂದಿತು. ಭಾವನ ಭುಜ ಕಂದಿಹೋಯಿತು. ಮೊದಲೆರಡು ಗುಂಡು ಒಂದು ಕಡೆ ಬಿದ್ದರೆ, ಆಮೇಲಿನವು ಮೇಲಕ್ಕೆ ಮೇಲಕ್ಕೆ ಹೋದವು. ಹಗುರ ರೈಫಲ್ ಅಂದಮೇಲೆ ಸ್ವಲ್ಪ ಒದೆಯುತ್ತೆ ಅಂತ ಪಕ್ಕದವರು ಸಮಾಧಾನ ಹೇಳಿದರು. ಅದು ಸುಳ್ಳೂ ಅಲ್ಲ. ಒಂದೇ ತೋಟಾ ಹಾಕಿದರೂ 3.6 ಕೆ.ಜಿ. ರೈಫಲ್‌ಗಿಂತ 2.7 ಕೆ.ಜಿ. ರೈಫಲ್ ಮೂರನೇ ಒಂದು ಭಾಗದಷ್ಟು ಜಾಸ್ತಿ ಶಕ್ತಿಯಿಂದ ಒದೆಯುತ್ತದೆ. ತೆಳು ನಳಿಗೆ ಬೇಗ ಕಾಯುತ್ತದೆ, ಕಾದಾಗ ಗುರಿ ಸರಿಯುತ್ತದೆ. ಆದರೆ ಆ ಬೆಂಕಿ? ಆ ಸದ್ದು? ಅದು ಬರಿ ಹಗುರ ಆಗಿದ್ದಕ್ಕೆ ಬರುವಂಥದ್ದಲ್ಲ.

ಸ್ವಲ್ಪ ಕಾಲ ಕಳೆದ ಮೇಲೆ ಬೋಲ್ಟಿನ (ತೋಟಾ ಒಳಗೆ ತಳ್ಳಿ ಮುಚ್ಚುವ ಭಾಗ) ಹಿಂದೆ, ಕೈ ಹಿಡಿಯುವ ಜಾಗದಲ್ಲಿ ಮರದಲ್ಲಿ ಕೂದಲೆಳೆ ಬಿರುಕು ಕಾಣಿಸಿತು. ಮೈಸೂರಿನಲ್ಲಿ ಲೈಸೆನ್ಸ್ ಇರುವ ಒಬ್ಬ ಹಳೆಯ ಬಂದೂಕು ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆವು. ಅವರು ಸ್ಕ್ರೂ ಬಿಚ್ಚಿ ಮರದಿಂದ ಕಬ್ಬಿಣ ಎತ್ತಿದರು. ಎತ್ತಿ ಸುಮ್ಮನಾಗಿಬಿಟ್ಟರು.

ಮರದ ಒಳಗೆ ಉಳಿ ಹಾಕಿ ಕೆತ್ತಿ ಟೊಳ್ಳು ಮಾಡಿದ್ದರು. ಹಿಂದಿನ ರಬ್ಬರ್ ಪ್ಯಾಡ್ ತೆಗೆದರೆ ಅಲ್ಲೂ ದೊಡ್ಡ ತೂತು. ಬಿರುಕು ಬಿಟ್ಟ ಜಾಗದಲ್ಲಿ ಮರ ಬೆರಳು ದಪ್ಪವೂ ಉಳಿದಿರಲಿಲ್ಲ. ಒದೆತದ ಹೊಡೆತ ಎಲ್ಲಾ ತಡೆದುಕೊಳ್ಳಬೇಕಾದ ಜಾಗ ಅದು. ಒಂದು ದಿನ ಅದು ಭಾವನ ಮುಖದ ಹತ್ತಿರವೇ ಎರಡು ತುಂಡಾಗುತ್ತಿತ್ತು.

ಆಮೇಲೆ ಅವರು ನಳಿಗೆ ಅಳೆದರು. ಈ ಮಾದರಿಗೆ ಕಂಪನಿ ಕೊಡುವುದು 24 ಇಂಚು. ಇದು ಹದಿನೆಂಟೂವರೆ. ಯಾರೋ ಮುಂದಿನ ಭಾಗ ಕೊಯ್ದು ಹಾಕಿ, ಗುರಿ ನೋಡುವ ಮುಂದಿನ ಸೈಟನ್ನು ಮತ್ತೆ ಬೆಸುಗೆ ಹಾಕಿ ಕೂರಿಸಿದ್ದರು. ಬೆಂಕಿ, ಸದ್ದು ಬಂದಿದ್ದು ಇದಕ್ಕೇ. .30-06 ತೋಟಾದೊಳಗಿನ ಮದ್ದು ಉದ್ದ ನಳಿಗೆಯಲ್ಲಿ ಉರಿಯಲು ಲೆಕ್ಕ ಹಾಕಿ ತುಂಬಿದ್ದು. ನಳಿಗೆ ಗಿಡ್ಡವಾದರೆ ಉಳಿದದ್ದು ಹೊರಗೆ ಉರಿಯುತ್ತದೆ. ಕಡಿದ ಪ್ರತಿ ಇಂಚಿಗೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 20ರಿಂದ 30 ಅಡಿ ಇಳಿಯುತ್ತದೆ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಿರಬಹುದಿತ್ತು. ಆದರೆ ಮರದ ಕೆಳಗೆ ಮುಚ್ಚಿಹೋಗಿದ್ದ ನಳಿಗೆಯ ಅಡಿಭಾಗದಲ್ಲಿ ಬೇರೆ ನಂಬರ್ ಇತ್ತು. ಮೇಲೆ ಕಾಣುವ ನಂಬರ್ ಇದ್ದ ಜಾಗವನ್ನು ಬೆಳಕಿಗೆ ಓರೆ ಹಿಡಿದು ತೋರಿಸಿದರು. ಅಲ್ಲಿ ಕಬ್ಬಿಣ ಸ್ವಲ್ಪ ತಗ್ಗಾಗಿತ್ತು. ಅರ ಹಾಕಿ ತೀಡಿ, ಹೊಸದಾಗಿ ಅಂಕೆ ಹೊಡೆದಿದ್ದರು. ಕಾಗದ ಒಂದು ಬಂದೂಕಿನದು, ಕಬ್ಬಿಣ ಇನ್ನೊಂದರದು ಅನ್ನುವುದು ನಮ್ಮ ಅನುಮಾನ.

ಈಗ ಕಾನೂನು ಕೇಳಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವುದು ಅಪರಾಧ. 2019ರ ನಂತರ ಇದಕ್ಕೆ ಕನಿಷ್ಠ 7 ವರ್ಷ ಶಿಕ್ಷೆ. 8ನೇ ಸೆಕ್ಷನ್ ಇನ್ನೂ ಗಟ್ಟಿ. ನಂಬರ್ ಅಳಿಸಿದ, ತಿದ್ದಿದ ಬಂದೂಕು ಯಾರ ಬಳಿ ಸಿಗುತ್ತದೋ ಅವರೇ ತಿದ್ದಿದ್ದಾರೆ ಅಂತ ಕಾನೂನು ಅಂದುಕೊಳ್ಳುತ್ತದೆ. ಅಲ್ಲ ಅಂತ ತೋರಿಸಬೇಕಾದವರು ಅವರೇ. ಅಂದರೆ 45 ದಿನ ಕಾದು, ಒಂದೊಂದು ಕಾಗದವನ್ನೂ ಸರಿಯಾಗಿ ಮಾಡಿಸಿದ ನಮ್ಮ ಭಾವ.

ಭಾವ ಮಧ್ಯವರ್ತಿಗೆ ಫೋನ್ ಮಾಡಿದರು. "ನಾನು ಕೊಟ್ಟಾಗ ಸರಿ ಇತ್ತು ಸಾರ್, ಆಮೇಲೆ ನೀವೇನ್ ಮಾಡುದ್ರೋ ನಂಗೊತ್ತಿಲ್ಲ" ಅಂದ. ಆ ಮಾತು ಕೇಳಿದ ದಿನ ಅಕ್ಕ ಊಟ ಮಾಡಲಿಲ್ಲ. ಮಾರಿದವರೂ ಅದೇ ರಾಗ. ಕೆಲವರು "ಸುಮ್ನೆ ಇನ್ನೊಬ್ಬರಿಗೆ ದಾಟಿಸಿಬಿಡಿ" ಅಂತ ಸಲಹೆ ಕೊಟ್ಟರು. ಅದು ಇನ್ನೊಂದು ಮನೆ ಹಾಳು ಮಾಡುವ ಕೆಲಸ, ಜೊತೆಗೆ ಹೊಸ ಅಪರಾಧ. ಭಾವ ಒಪ್ಪಲಿಲ್ಲ. ವಕೀಲರ ಮಾತಿನಂತೆ, ರಿಪೇರಿಯವರು ಬರೆದುಕೊಟ್ಟ ಚೀಟಿ ಮತ್ತು ಫೋಟೋ ಸೇರಿಸಿ ಡಿಸಿ ಆಫೀಸಿಗೂ ಸ್ಟೇಷನ್ನಿಗೂ ತಾವೇ ಬರೆದು ಕೊಟ್ಟರು. ಸೀಲು ಹಾಕಿದ ಸ್ವೀಕೃತಿ ತೆಗೆದುಕೊಂಡರು. ಅವರ ಪರವಾಗಿ ಈಗ ನಿಂತಿರುವುದು ಆ ಒಂದು ಕಾಗದ. ರೈಫಲ್ ಮುದ್ದೇಮಾಲು ಆಗಿ ಲ್ಯಾಬಿಗೆ ಹೋಗಿದೆ. ಅಂಕೆ ಹೊಡೆದಾಗ ಕಬ್ಬಿಣದ ಒಳಪದರವೂ ಒತ್ತಿಹೋಗಿರುತ್ತದೆ. ಮೇಲೆ ಅರ ಹಾಕಿದ್ದರೂ ಆಮ್ಲ ಸವರಿದರೆ ಹಳೆಯ ಅಂಕೆ ಎಷ್ಟೋ ಸಲ ಎದ್ದು ಕಾಣುತ್ತದೆ. ವರದಿ ಇನ್ನೂ ಬಂದಿಲ್ಲ.

ನೀವು ನೋಡಲು ಹೋದರೆ ಮೊದಲು ರೈಫಲ್ ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ. ಬೋಲ್ಟ್ ಮುಚ್ಚಿ, ನಳಿಗೆಯ ಬಾಯಿಂದ ಒಂದು ಕಡ್ಡಿ ಬಿಟ್ಟು, ಅದು ಒಳಗೆ ತಾಗುವ ತನಕ ಇಳಿಸಿ ಗುರುತು ಹಾಕಿ ಅಳೆಯಿರಿ. ತಕ್ಕಡಿಗೂ ಹಾಕಿ. ಆ ಮಾದರಿಗೆ ಕಂಪನಿ ಹೇಳಿದ ಉದ್ದ ಮತ್ತು ತೂಕದ ಜೊತೆ ಹೋಲಿಸಿ. ಅರ್ಧ ಕೆ.ಜಿ. ಕಡಿಮೆ ಬಂದರೆ ಖುಷಿ ಪಡಬೇಡಿ, ಆ ಅರ್ಧ ಕೆ.ಜಿ. ಎಲ್ಲಿಗೆ ಹೋಯಿತು ಅಂತ ಕೇಳಿ. ನಳಿಗೆ ಮುಂದಕ್ಕೆ ಹೋದಂತೆ ಸಣ್ಣಗಾಗುತ್ತದೆ. ಕಡಿದದ್ದಾದರೆ ಬಾಯಿ ದಪ್ಪವಾಗಿ ಕಾಣುತ್ತದೆ, ಸೈಟಿನ ಬುಡದಲ್ಲಿ ಬೆಸುಗೆಯ ಬಣ್ಣ ಬೇರೆ ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ಮರ ಬಿಚ್ಚಿಸಿ. ಯುರೋಪಿನ ಹೆಚ್ಚಿನ ರೈಫಲ್‌ಗಳಿಗೆ ಕಾನೂನು ಪ್ರಕಾರ ನಡೆಸಿದ ಪರೀಕ್ಷೆಯ ಮುದ್ರೆ ಇರುತ್ತದೆ. ಜರ್ಮನಿಯದಾದರೆ ಹದ್ದಿನ ಗುರುತು, ಇಂಗ್ಲೆಂಡಿನದಾದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಮುದ್ರೆ. ಆ ಮುದ್ರೆಗಳನ್ನೂ, ನಳಿಗೆ, ಬೋಲ್ಟ್, ಬೋಲ್ಟ್ ಕೂರುವ ಕಬ್ಬಿಣದ ಮೈ ಇವುಗಳ ಮೇಲಿನ ನಂಬರ್‌ಗಳನ್ನೂ ಹೊಂದಿಸಿ ನೋಡಿ. ಬಿಚ್ಚಲು ಬಿಡುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

"ಇದು ಕಂಪನಿಯಿಂದಲೇ ಗಿಡ್ಡ ಬಂದದ್ದು" ಅಂತ ಹೇಳುತ್ತಾರೆ. ನಮಗೂ ಮಧ್ಯವರ್ತಿ ಹಾಗೇ ಹೇಳಿದ್ದ. ಹಾಗೆ ಗಿಡ್ಡವಾಗಿ ಬಂದವು ಇವೆ. ಆಸ್ಟ್ರಿಯಾದ 1903ರ ಮಾನ್‌ಲಿಷರ್-ಶೋನಾವರ್ ಕಾರ್ಬೈನ್ ಹಾಗೆಯೇ. ಆದರೆ ಅದರ ಮರ ನಳಿಗೆಯ ಬಾಯಿ ತನಕ ಬರುತ್ತದೆ, ತೋಟಾ ಕೂಡ ಮೃದುವಾದ 6.5×54. ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಉಡುಗೊರೆಯಾಗಿ ಸಿಕ್ಕ .275 ರಿಗ್ಬಿಯ ತೋಟಾನೂ ಜೋರಾಗಿ ಒದೆಯುವಂಥದ್ದಲ್ಲ. ರೈಫಲ್ ಹಗುರ ಬೇಕು ಅಂದರೆ ತೋಟಾನೂ ಮೃದುವಾಗಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಇವತ್ತಿನ ಸಾಕೋ, ಕಿಂಬರ್ ತರಹದ ಕಂಪನಿಗಳು ತೂಕ ಇಳಿಸುವುದು ಸಿಂಥೆಟಿಕ್ ಹಿಡಿಯಿಂದ, ನಳಿಗೆಯ ಮೇಲೆ ಉದ್ದ ಗೀರು ತೋಡುವುದರಿಂದ. ಎಲ್ಲಿ ಬಲ ಬೇಕೋ ಅಲ್ಲಿ ಅವರು ಕೈ ಹಾಕುವುದಿಲ್ಲ.

ಇನ್ನೊಂದು ವಿಷಯವನ್ನು ನಮ್ಮ ಕಡೆಯವರು ಮರೆಯುತ್ತಾರೆ. ವನ್ಯಧಾಮದಿಂದ 10 ಕಿ.ಮೀ. ಒಳಗೆ ಇರುವವರು ಲೈಸೆನ್ಸ್ ಇದ್ದರೂ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ರಂಗನತಿಟ್ಟು, ಮೇಲುಕೋಟೆ, ಅರಬಿತಿಟ್ಟು, ಮಳವಳ್ಳಿ ಕಡೆಯ ಕಾವೇರಿ ವನ್ಯಧಾಮ ಲೆಕ್ಕ ಹಾಕಿದರೆ ನಮ್ಮ ಎಷ್ಟೋ ಊರುಗಳು ಅದರೊಳಗೇ ಬರುತ್ತವೆ. ಮಧ್ಯವರ್ತಿ ಇದನ್ನು ಹೇಳುವುದಿಲ್ಲ.

ಇದನ್ನು ಈಗ ಬರೆಯಲು ಕಾರಣ ಇದೆ. ಅದೇ ಮನುಷ್ಯ ಇನ್ನೊಂದು ರೈಫಲ್‌ನ ಫೋಟೋವನ್ನು ಶ್ರೀರಂಗಪಟ್ಟಣ, ಪಾಂಡವಪುರ ಕಡೆಯ ವಾಟ್ಸಾಪ್ ಗುಂಪುಗಳಿಗೆ ಕಳಿಸುತ್ತಿದ್ದಾನೆ. ಕಂಪನಿ ಹೆಸರು ಬೇರೆ, ತೂಕ ಮಾತ್ರ ಅದೇ ಎರಡು ಮುಕ್ಕಾಲು. ಫೋಟೋ ದೊಡ್ಡದು ಮಾಡಿ ನೋಡಿದರೆ ಸೈಟಿನ ಬುಡದಲ್ಲಿ ಬೆಸುಗೆ ಕಾಣುತ್ತದೆ. ಅದು ನಿಮಗೂ ಬಂದಿದ್ದರೆ ಅಡ್ವಾನ್ಸ್ ಕಳಿಸಬೇಡಿ, ಫೋಟೋ ಅಳಿಸಲೂಬೇಡಿ. ನಂಬರ್ ಸಮೇತ ನಿಮ್ಮ ಸ್ಟೇಷನ್ನಿಗೆ ತೋರಿಸಿ, ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.