ಆಫರ್ ಟಿಕೆಟ್ಟೋ, ಬಾಲ್ಕನಿ ಟಿಕೆಟ್ಟೋ: ಒಂದು ಬೇಸಿಗೆ, ನಾಲ್ಕು ಜಾಗ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು, ನನ್ನ ಗಂಡ, ಆಗಷ್ಟೇ ಮೂರನೇ ಕ್ಲಾಸ್ ಮುಗಿಸಿದ್ದ ಮಗಳು, ಚನ್ನರಾಯಪಟ್ಟಣದ ಹತ್ತಿರದ ಊರಿಂದ ಬಂದಿದ್ದ ಮಾವ. ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು ಎರಡನೇ ಮಹಡಿ. ಮೇಲೆ ಬರೀ ತಾರಸಿ. ಮಧ್ಯಾಹ್ನ ಎರಡು ಗಂಟೆ ಆಯಿತು ಅಂದರೆ ಗೋಡೆ ಮುಟ್ಟಿದರೂ ಬಿಸಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ಆದಾಗ, ಇದೊಂದು ವರ್ಷ ಹೀಗೆ ಅಂದುಕೊಂಡಿದ್ದೆವು. 2024ರ ಏಪ್ರಿಲ್‌ನಲ್ಲಿ ಮತ್ತೆ 38 ದಾಟಿತು. ಈಗ ರಜೆ ಬಂತು ಅಂದರೆ ಮೊದಲ ಪ್ರಶ್ನೆ, ಮಧ್ಯಾಹ್ನ ತಣ್ಣಗೆ ಕೂರುವುದಕ್ಕೆ ಎಲ್ಲಿಗೆ ಹೋಗೋಣ ಅಂತ.

ಸಿನಿಮಾ ಅಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಎರಡು ತಿಂಗಳಲ್ಲಿ ಮಲ್ಟಿಪ್ಲೆಕ್ಸ್‌ಗೆ ಎರಡು ಸಲ ಹೋದೆವು. ಎರಡು ಸಲವೂ ಆಫರ್ ನೋಡಿಕೊಂಡೇ ಹೋಗಿದ್ದು. ಮಾಗಡಿ ರಸ್ತೆ ಕಡೆಯ ಒಂದು ಹಳೇ ಥಿಯೇಟರ್‌ಗೆ ಒಂದು ಸಲ, ಮಾಲ್‌ನಲ್ಲಿ ನಡೆದ ಸಿನಿಮಾ ಪ್ರಮೋಷನ್‌ಗೆ ಒಂದು ಸಲ, ರಂಗಶಂಕರದ ಮಕ್ಕಳ ನಾಟಕಕ್ಕೆ ಒಂದು ಸಲ. ಮನೆಗೆ ಬಂದ ಮೇಲೆ ಪ್ರತಿ ಸಲ ಖರ್ಚು ಬರೆದಿಟ್ಟೆ. ಯಾರು ಹೇಗಿದ್ದರು ಅಂತಲೂ ಬರೆದಿಟ್ಟೆ. ಈ ಬೇಸಿಗೆಗೆ ಮಕ್ಕಳನ್ನೂ ಹಿರಿಯರನ್ನೂ ಒಟ್ಟಿಗೆ ಕರೆದುಕೊಂಡು ಹೋಗುವವರಿಗೆ ಉಪಯೋಗ ಆಗಬಹುದು.

ಮೊದಲು ಮಲ್ಟಿಪ್ಲೆಕ್ಸ್. ಶನಿವಾರ ನಾಲ್ಕು ಗಂಟೆಯ ಶೋ. ಟಿಕೆಟ್ 320. ಗಂಡನ ಕಾರ್ಡ್‌ಗೆ 'ಒಂದು ಕೊಂಡರೆ ಒಂದು ಫ್ರೀ' ಆಫರ್ ಇತ್ತು. ನಾಲ್ಕು ಟಿಕೆಟ್‌ನಲ್ಲಿ ಎರಡು ಫ್ರೀ ಸಿಗುತ್ತದೆ ಅಂತ ಮಗಳು ಕುಣಿದಾಡಿದಳು. ಬುಕ್ ಮಾಡುವಾಗ ನೋಡಿದರೆ ಆಫರ್ ಒಂದೇ ಟಿಕೆಟ್‌ಗೆ, ಅದೂ 250 ರೂಪಾಯಿವರೆಗೆ ಮಾತ್ರ. ಮೇಲೆ ಆನ್‌ಲೈನ್ ಬುಕಿಂಗ್‌ನ ಕನ್ವೀನಿಯನ್ಸ್ ಫೀ, ಅದಕ್ಕೆ ತೆರಿಗೆ. ಎಲ್ಲ ಸೇರಿ 1,190 ಆಯಿತು. ಒಳಗೆ ಪಾಪ್‌ಕಾರ್ನ್, ನೀರು, ಮಗಳಿಗೆ ಒಂದು ತಂಪು ಪಾನೀಯ: 780. ಪಾರ್ಕಿಂಗ್ 80. ಒಟ್ಟು 2,050 ರೂಪಾಯಿ.

ಎರಡನೇ ಸಲ ಮಂಗಳವಾರದ ಆಫರ್. ಟಿಕೆಟ್ 149. ಗಂಡನಿಗೆ ಆಫೀಸು, ಹಾಗಾಗಿ ನಾವು ಮೂವರೇ. ಟಿಕೆಟ್ಟು, ಫೀ ಸೇರಿ 557. ತಿಂಡಿಗೆ 640. ಟಿಕೆಟ್‌ಗಿಂತ ತಿಂಡಿಯೇ ಜಾಸ್ತಿ! ಮನೆಯಿಂದ ಚಕ್ಕುಲಿ ತಂದಿದ್ದೆ. ಬ್ಯಾಗ್ ತೆಗೆಸಿ ನೋಡಿ ಹೊರಗೇ ಇಡಿಸಿದರು. ಆಟೊಗೆ 140. ಒಟ್ಟು 1,337. ಆಫರ್ ಇರುವುದು ನಮ್ಮನ್ನು ಬಾಗಿಲು ದಾಟಿಸುವುದಕ್ಕೆ. ದುಡ್ಡು ಹೋಗುವುದು ಬಾಗಿಲು ದಾಟಿದ ಮೇಲೆ. ನಿಜವಾಗಿ ಹಣ ಉಳಿಸಬೇಕು ಅನ್ನುವವರು ಮಂಗಳವಾರ ಊಟ ಮಾಡಿಕೊಂಡೇ ಹೋಗಿ. ಮಕ್ಕಳಿಗೆ ಮೊದಲೇ ಹೇಳಿ ಒಪ್ಪಿಸಿರಿ. ಆಗ ಮಲ್ಟಿಪ್ಲೆಕ್ಸ್ ಕೂಡ ಕೈಗೆ ಎಟುಕುತ್ತದೆ.

ಸಮಯದ ಲೆಕ್ಕ ಬೇರೆ. ಶನಿವಾರ ಟಿಕೆಟ್ ಮೇಲೆ 4.10 ಅಂತ ಇತ್ತು. ಸಿನಿಮಾ ಶುರುವಾಗಿದ್ದು 4.34ಕ್ಕೆ. 24 ನಿಮಿಷ ಜಾಹೀರಾತು, ಟ್ರೇಲರ್. ನಡುವೆ ಮಗಳು ಮೂರು ಸಲ ಕೇಳಿದಳು, 'ಅಮ್ಮಾ, ಇದೇ ಸಿನಿಮಾನಾ?' ಇದು ನಮ್ಮೊಬ್ಬರದೇ ಅನುಭವ ಅಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಗ್ರಾಹಕರ ಆಯೋಗದ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಸುಮಾರು 25 ನಿಮಿಷ ಜಾಹೀರಾತು ತೋರಿಸಿದ್ದಕ್ಕೆ ಪ್ರೇಕ್ಷಕರೊಬ್ಬರಿಗೆ ಪರಿಹಾರ ಕೊಡಬೇಕು, ಸಿನಿಮಾ ನಿಜವಾಗಿ ಶುರುವಾಗುವ ಸಮಯವನ್ನೇ ಟಿಕೆಟ್ ಮೇಲೆ ಹಾಕಬೇಕು ಅಂತ ಆಯೋಗ ಹೇಳಿತು. ಮರು ತಿಂಗಳು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಕಾನೂನು ಏನೇ ಆಗಲಿ, ಆ ಅರ್ಧ ಗಂಟೆ ಮಗು ಸುಮ್ನೆ ಕೂರುವುದಿಲ್ಲ. ಈಗ ನಾನು ಬೇಕಂತಲೇ ಹದಿನೈದು ನಿಮಿಷ ತಡವಾಗಿ ಹೋಗುತ್ತೇನೆ.

ಒಳ್ಳೆಯದನ್ನೂ ಹೇಳಬೇಕು. ಮಾವನಿಗೆ ಮಂಡಿ ನೋವು. ಮಲ್ಟಿಪ್ಲೆಕ್ಸ್‌ನಲ್ಲಿ ಲಿಫ್ಟ್ ಇದೆ, ಟಾಯ್ಲೆಟ್ ಚೊಕ್ಕವಾಗಿದೆ, ಎ.ಸಿ. ಕೊನೇವರೆಗೂ ಇರುತ್ತದೆ. ಹೊರಗಡೆ ಧಗೆ ಇರುವಾಗ ಇದು ಸಣ್ಣ ವಿಷಯ ಅಲ್ಲ.

ಆದರೆ ಆ ಮಂಗಳವಾರ ಬೆಳಗ್ಗೆ ನಡೆದಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಮಾವ ಹುಟ್ಟಿದಾಗಿಂದ ಪಂಚೆಯವರು. ಅವತ್ತು ರೂಮಿನಿಂದ ಪ್ಯಾಂಟ್ ಹಾಕಿಕೊಂಡು ಬಂದರು. ಯಾವುದೋ ಮದುವೆಗೆ ಅಂತ ಹೊಲಿಸಿದ್ದು, ಸೊಂಟಕ್ಕೆ ಸಡಿಲ. ಬೆಲ್ಟ್ ಬಿಗಿದು ಬಿಗಿದು ಮುಂದೆಲ್ಲ ನೆರಿಗೆ ಬಿದ್ದಿತ್ತು. 'ಯಾಕೆ ಮಾವ, ಪಂಚೆ ಉಟ್ಕೊಳ್ಳಿ' ಅಂದೆ. 'ಬೇಡ ಕಣಮ್ಮ. ಪೇಪರ್‌ನಲ್ಲಿ ಓದಿದ್ನಲ್ಲ. ನಿಮಗ್ಯಾಕೆ ಅಲ್ಲಿ ಮುಜುಗರ' ಅಂದರು. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಟ್ಟಿರಲಿಲ್ಲ. ಊರೆಲ್ಲ ಸಿಟ್ಟಾಯಿತು, ಸರ್ಕಾರ ಮಧ್ಯೆ ಬಂತು, ಆ ಮಾಲ್ ಏಳು ದಿನ ಬಾಗಿಲು ಮುಚ್ಚಬೇಕಾಯಿತು. ನಾವು ಹೋದ ಕಡೆ ಯಾರೂ ಯಾರನ್ನೂ ತಡೆಯಲಿಲ್ಲ. ಆದರೂ ಮಾವ ಮೂರು ಗಂಟೆ ಆ ಬೆಲ್ಟ್ ಸರಿ ಮಾಡಿಕೊಳ್ಳುತ್ತಲೇ ಕೂತಿದ್ದರು. ಸಿನಿಮಾದಲ್ಲಿ ನಗು ಬರುವ ಕಡೆ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಮೇ ತಿಂಗಳ ಎರಡನೇ ವಾರ ಹಳೇ ಥಿಯೇಟರ್‌ಗೆ ಹೋಗಿದ್ದಕ್ಕೆ ಒಂದೇ ಕಾರಣ. ನಮಗೆ ಬೇಕಿದ್ದ ಕನ್ನಡ ಸಿನಿಮಾಕ್ಕೆ ಮಾಲ್‌ನಲ್ಲಿ ರಾತ್ರಿ 10.15ರ ಒಂದೇ ಶೋ ಉಳಿದಿತ್ತು. ಮಗುವನ್ನು, ವಯಸ್ಸಾದವರನ್ನು ಕಟ್ಟಿಕೊಂಡು ರಾತ್ರಿ ಒಂದು ಗಂಟೆಗೆ ಮನೆಗೆ ಬರುವುದು ಹೇಗೆ? ಥಿಯೇಟರ್‌ನಲ್ಲಿ ಅದೇ ಸಿನಿಮಾ ದಿನಕ್ಕೆ ನಾಲ್ಕು ಶೋ. ನಾವು ಮ್ಯಾಟಿನಿಗೆ ಹೋದೆವು. ಬಾಲ್ಕನಿ 150. ಕೌಂಟರ್‌ನಲ್ಲೇ ತಗೊಂಡಿದ್ದರಿಂದ ಫೀ ಇಲ್ಲ. ನಾಲ್ಕು ಜನಕ್ಕೆ 600. ಇಂಟರ್‌ವಲ್‌ನಲ್ಲಿ ಸಮೋಸ, ಪಾಪ್‌ಕಾರ್ನ್, ಎರಡು ಬಾದಾಮಿ ಹಾಲು: 190. ಆಟೊ ಹೋಗಿ ಬರುವುದಕ್ಕೆ 120. ಒಟ್ಟು 910 ರೂಪಾಯಿ. ಯಾವ ಆಫರೂ ಇಲ್ಲದೆ, ಮಲ್ಟಿಪ್ಲೆಕ್ಸ್‌ನ ಶನಿವಾರದ ಖರ್ಚಿನ ಅರ್ಧಕ್ಕಿಂತ ಕಡಿಮೆ.

ತೊಂದರೆ ಇರಲಿಲ್ಲ ಅಂತ ಅಲ್ಲ. ಬಾಲ್ಕನಿಗೆ ಮೆಟ್ಟಿಲೇ ಗತಿ. ಮಾವ ಎರಡು ಕಡೆ ನಿಂತು ಸುಧಾರಿಸಿಕೊಂಡರು. ಹೆಂಗಸರ ಟಾಯ್ಲೆಟ್‌ನ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ, ಬಕೆಟ್‌ನಲ್ಲಿ ನೀರಿಟ್ಟಿದ್ದರು. ಇಂಟರ್‌ವಲ್ ಆದ ಮೇಲೆ ಎ.ಸಿ. ನಿಂತುಹೋಯಿತು, ಕೊನೇ ಅರ್ಧ ಗಂಟೆ ಬರೀ ಫ್ಯಾನ್ ಗಾಳಿ. ಟಿಕೆಟ್‌ಗೆ ಇನ್ನೊಂದು ಇಪ್ಪತ್ತು ರೂಪಾಯಿ ಸೇರಿಸಲಿ, ಟಾಯ್ಲೆಟ್ ಸರಿ ಮಾಡಿಸಲಿ. ನನ್ನಂಥ ನೂರು ಹೆಂಗಸರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಮ್ಯಾನೇಜರ್‌ಗೆ ಇದನ್ನು ಹೇಳಿಯೇ ಬಂದೆ.

ಆದರೂ ಆ ಮಧ್ಯಾಹ್ನದಂಥ ಮಧ್ಯಾಹ್ನ ಇಡೀ ಬೇಸಿಗೆಯಲ್ಲಿ ಇನ್ನೊಂದು ಸಿಗಲಿಲ್ಲ. ಮಾವ ಪಂಚೆ, ಬಿಳಿ ಅಂಗಿಯಲ್ಲಿ ಬಂದಿದ್ದರು. ಗೇಟ್‌ನಲ್ಲಿ ಟಿಕೆಟ್ ಹರಿದುಕೊಡುವವರು ಅವರಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು. 'ಬನ್ನಿ ಯಜಮಾನ್ರೇ, ನಿಧಾನ' ಅಂತ ಟಾರ್ಚ್ ಹಿಡಿದು ಸೀಟಿನವರೆಗೂ ಬಂದರು. ಹೀರೊ ಬಂದ ಕೂಡಲೇ ಕೆಳಗೆ ಸೆಕೆಂಡ್ ಕ್ಲಾಸ್‌ನಿಂದ ಶಿಳ್ಳೆ. ಯಾರೋ ಹರಿದ ಪೇಪರ್ ಚೂರು ತೂರಿದರು. ಪ್ರೊಜೆಕ್ಟರ್ ಬೆಳಕಿನಲ್ಲಿ ಅವು ನಿಧಾನಕ್ಕೆ ಉದುರುವುದನ್ನು ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ಒಂದು ಜಗಳದ ಸೀನ್ ಬಂತು, ಹಳ್ಳಿ ಮಾತಿನಲ್ಲಿ. ಮಾವ ತೊಡೆ ತಟ್ಟಿಕೊಂಡು ಗಟ್ಟಿಯಾಗಿ ನಕ್ಕರು. ಮುಂದಿನ ಸಾಲಿನವರು ತಿರುಗಿ ನೋಡಿ ತಾವೂ ನಕ್ಕರು. ಮಗಳು, 'ತಾತ, ನೀನು ಇಷ್ಟು ಜೋರಾಗಿ ನಗ್ತೀಯಾ?' ಅಂದಳು. ತಾತನ ಆ ನಗು ಅವಳ ಕಿವಿಗೆ ಬಿದ್ದಿದ್ದು ಅದೇ ಮೊದಲು.

ಇಂಥ ಜಾಗಗಳು ಒಂದೊಂದೇ ಹೋಗುತ್ತಿವೆ ಅನ್ನುವುದೇ ಸಂಕಟ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೇ ದಿನ ಬಾಗಿಲು ಹಾಕಿತು. ಸ್ಯಾಂಕಿ ರಸ್ತೆಯ ಕಾವೇರಿ ಐವತ್ತು ವರ್ಷ ನಡೆದು 2024ರಲ್ಲಿ ನಿಂತಿತು. ಗಾಂಧಿನಗರದ ಕಪಾಲಿಯ ದೊಡ್ಡ ಪರದೆ ಮಾವನ ಕಾಲದವರಿಗೆ ಈಗ ಬರೀ ನೆನಪು. ಕಟ್ಟಡದ ಜಾಗದ ಬೆಲೆಯೇ ಕೋಟಿಗಟ್ಟಲೆ ಇರುವಾಗ, 150 ರೂಪಾಯಿ ಟಿಕೆಟ್ ಮಾರಿ ಎಷ್ಟು ದಿನ ನಡೆಸುತ್ತಾರೆ, ಅಲ್ವಾ? ವಾರಕ್ಕೊಮ್ಮೆ ನಾವು ಹೋದರೆ ತಾನೇ ಅವು ಉಳಿಯುವುದು.

ಟಿಕೆಟ್ ದರದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. 2025ರ ಮಾರ್ಚ್ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಎಲ್ಲ ಕಡೆ ಟಿಕೆಟ್ 200 ರೂಪಾಯಿ ಮೀರಬಾರದು ಅಂದಿತು. ಸೆಪ್ಟೆಂಬರ್‌ನಲ್ಲಿ ನಿಯಮವೂ ಬಂತು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ ಇತ್ತು. ಮಲ್ಟಿಪ್ಲೆಕ್ಸ್‌ನವರು, ನಿರ್ಮಾಪಕರು ಕೋರ್ಟ್‌ಗೆ ಹೋದರು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ 12ರಿಂದ ಶೇ 5ಕ್ಕೆ ಇಳಿದಿದೆ. ಅದರ ಮೇಲಿನದಕ್ಕೆ ಶೇ 18 ಹಾಗೇ ಇದೆ. ಅಂದರೆ ಸೆಕೆಂಡ್ ಕ್ಲಾಸ್ ಟಿಕೆಟ್ ತಗೊಳ್ಳುವವರಿಗೆ ಸ್ವಲ್ಪ ಹಗುರ.

ಮಾಲ್ ಪ್ರಮೋಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆದರೆ ಹೇಳಲೇಬೇಕಾದ್ದು ಎರಡಿದೆ. ಬಿಡುಗಡೆಗೆ ಮುಂಚೆ ಸಿನಿಮಾ ತಂಡ ಬರುತ್ತದೆ, ಹೀರೊ ಐದು ಗಂಟೆಗೆ ಸ್ಟೇಜ್ ಮೇಲೆ ಇರುತ್ತಾರೆ ಅಂತ ಬೋರ್ಡ್ ಹಾಕಿದ್ದರು. ಪ್ರವೇಶ ಉಚಿತ. ಆ್ಯಂಕರ್ ಎರಡು ಗಂಟೆ ಕಿರುಚಿದರು. ಮಕ್ಕಳನ್ನು ಕರೆದು ಕುಣಿಸಿದರು, ಅದು ಮಗಳಿಗೆ ಖುಷಿ ಆಯಿತು. ಹೀರೊ ಬಂದಿದ್ದು 7.20ಕ್ಕೆ, ಇದ್ದಿದ್ದು ಹನ್ನೆರಡು ನಿಮಿಷ. ಗಂಡ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರೂ, ಎದುರಿಗೆ ಎತ್ತಿದ ನೂರಾರು ಮೊಬೈಲ್‌ಗಳ ನಡುವೆ ಅವಳಿಗೆ ಕಂಡಿದ್ದು ಹೀರೊ ಕೈ ಬೀಸಿದ್ದು ಮಾತ್ರ. ಮಾವ ಇಡೀ ಹೊತ್ತು ಎಸ್ಕಲೇಟರ್ ಪಕ್ಕದ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು.

ಎರಡನೆಯದು, ಲಕ್ಕಿ ಡ್ರಾ ಕೂಪನ್. ಹೆಸರು, ಫೋನ್ ನಂಬರ್ ಬರೆದು ಹಾಕಿದೆ. ಮರುವಾರದಿಂದ ಶುರು: 'ಮೇಡಂ, ನಿಮಗೆ ಎರಡು ರಾತ್ರಿ ಉಚಿತ ರೆಸಾರ್ಟ್, ಗಂಡ ಹೆಂಡತಿ ಇಬ್ಬರೂ ಬಂದು ಒಂದು ಗಂಟೆ ನಮ್ಮ ಮಾತು ಕೇಳಬೇಕು.' ಎರಡು ತಿಂಗಳು ಫೋನ್ ಬಂತು. ಉಚಿತ ಅಂದಿದ್ದಕ್ಕೆ ನಾನು ಕೊಟ್ಟಿದ್ದು ನನ್ನ ನಂಬರ್. ದಯವಿಟ್ಟು ನೀವು ಕೊಡಬೇಡಿ. ಆಮೇಲೆ 2025ರ ಜೂನ್ 4ರಂದು, ಆರ್‌ಸಿಬಿ ಗೆಲುವಿನ ಸಂಭ್ರಮದ ದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ತೀರಿಹೋದರು. ಆ ರಾತ್ರಿ ಟಿವಿ ಮುಂದೆ ಕೂತಾಗ ನನಗೆ ಮಾಲ್‌ನ ಆ ಸಂಜೆ ನೆನಪಾಯಿತು. ಹೀರೊ ಬಂದಾಗ ಹಿಂದಿನಿಂದ ಬಂದ ಆ ಒಂದು ತಳ್ಳು ನೆನಪಾಯಿತು. ತಾರೆಯರು ಬರುವ ಉಚಿತ ಕಾರ್ಯಕ್ರಮಕ್ಕೆ ಮಗಳನ್ನು ಇನ್ನು ಕರೆದುಕೊಂಡು ಹೋಗುವುದಿಲ್ಲ.

ಕೊನೆಗೆ ರಂಗಶಂಕರ. ಜೆ.ಪಿ. ನಗರದಲ್ಲಿ 2004ರಲ್ಲಿ ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿದ್ದು. ಭಾನುವಾರ ಮಧ್ಯಾಹ್ನ 3.30ರ ಮಕ್ಕಳ ನಾಟಕಕ್ಕೆ ಹೋದೆವು. ಅಲ್ಲಿ 3.30 ಅಂದರೆ 3.30. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. 24 ನಿಮಿಷ ಜಾಹೀರಾತು ನೋಡಿ ಬಂದ ನನಗೆ ಆ ಒಂದು ನಿಯಮವೇ ಎಷ್ಟೋ ಸಮಾಧಾನ ಕೊಟ್ಟಿತು. ಟಿಕೆಟ್ ತಲಾ 200. ಕೆಫೆಯಲ್ಲಿ ಅಕ್ಕಿ ರೊಟ್ಟಿ, ಸಾಬೂದಾನ ವಡೆ, ಕಾಫಿ ಸೇರಿ 420. ಹೋಗಿಬರಲು ಮೆಟ್ರೊ, ಆಟೊ 320. ಒಟ್ಟು 1,540. ವಿಜಯನಗರದಿಂದ ದೂರವೇ, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಬೇಕು.

ಸ್ಟೇಜ್‌ನ ಮೂರು ಕಡೆ ಸೀಟು, ಹಾಗಾಗಿ ಎಲ್ಲಿ ಕೂತರೂ ಹತ್ತಿರ. ಒಬ್ಬ ನಟ ಮಂಗನ ವೇಷದಲ್ಲಿ ಓಡಿ ಬಂದು ನಮ್ಮ ಸಾಲಿನ ಮುಂದೆ ನಿಂತಾಗ, ಅವನ ಹಣೆಯಿಂದ ಬಣ್ಣದ ಜೊತೆ ಬೆವರು ಇಳಿಯುವುದು ಮಗಳಿಗೆ ಕಂಡಿತು. 'ಅಮ್ಮಾ, ಅವನಿಗೆ ನಿಜವಾಗ್ಲೂ ಸುಸ್ತಾಗಿದೆ' ಅಂತ ಪಿಸುಗುಟ್ಟಿದಳು. ಮಾವ ತಮ್ಮೂರಿನ ಕುರುಕ್ಷೇತ್ರ ನಾಟಕ, ಹಾರ್ಮೋನಿಯಂ ಮೇಷ್ಟ್ರು, ಬೆಳಗಾಗುವವರೆಗೆ ಕೂರುತ್ತಿದ್ದ ಜನ, ಎಲ್ಲ ಹೇಳುತ್ತಾ ಮೆಟ್ರೊದಲ್ಲಿ ಬಂದರು. ಒಂದು ಗಂಟೆಯಲ್ಲಿ ನಾಟಕ ಮುಗಿದಿದ್ದು ಮಾತ್ರ ಅವರಿಗೆ ಸಾಲಲಿಲ್ಲ.

ಹಾಗಾಗಿ ಈ ಬೇಸಿಗೆಗೆ ನಮ್ಮ ಮನೆಯ ಲೆಕ್ಕ ಹೀಗಿದೆ. ದೊಡ್ಡ ಶಬ್ದ, ದೊಡ್ಡ ದೃಶ್ಯದ ಸಿನಿಮಾ ಬಂದರೆ ಒಂದು ಮಂಗಳವಾರ ಮಲ್ಟಿಪ್ಲೆಕ್ಸ್, ಊಟ ಮಾಡಿಕೊಂಡು. ಮಕ್ಕಳ ನಾಟಕ ಬಂದಾಗ ರಂಗಶಂಕರ. ಕನ್ನಡ ಸಿನಿಮಾ ಅಂದರೆ ಬಾಲ್ಕನಿ, ಮೊದಲ ಆಯ್ಕೆ ಅದೇ. ಹಿಂದಿನಿಂದ ಮೂರನೇ ಸಾಲು ಕೇಳಿ ತಗೊಳ್ಳಿ, ಫ್ಯಾನ್ ಗಾಳಿ ಚೆನ್ನಾಗಿ ಬರುತ್ತದೆ. ಕೈಯಲ್ಲಿ ಒಂದು ಬಾಟಲ್ ನೀರಿರಲಿ.

ಮೊನ್ನೆ ಮಾವ ಫೋನ್ ಮಾಡಿದ್ದರು. ಯುಗಾದಿ ಮುಗಿಸಿಕೊಂಡು ಬರುತ್ತಾರಂತೆ. 'ಆ ಪ್ಯಾಂಟ್ ತರಬೇಕೇನಮ್ಮ?' ಅಂತ ಕೇಳಿದರು. 'ಬೇಡ ಮಾವ, ಮಾಲ್‌ಗೂ ಪಂಚೆಯಲ್ಲೇ ಹೋಗೋಣ, ನಾನಿರ್ತೀನಿ' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೊದಲು ಬಾಲ್ಕನಿಗೆ ಹೋಗಣ ತಗೋ' ಅಂದರು.