ಚರ್ಚಿನ ಮಕ್ಕಳಿಗೆ ಈ ಬೇಸಿಗೆ: ಮೈಸೂರಲ್ಲೇ ವಿಬಿಎಸ್ಸೋ, ಊಟಿ ಕ್ಯಾಂಪೋ?

ಏಪ್ರಿಲ್ ಬಂತೆಂದರೆ ನಮ್ಮ ಸಂಡೇ ಸ್ಕೂಲಿನ ತಾಯಂದಿರು ಇದನ್ನೇ ಕೇಳುತ್ತಾರೆ. ಎರಡಕ್ಕೂ ಮಕ್ಕಳನ್ನು ಕರೆದೊಯ್ದಿದ್ದೇನೆ.

ವಿಬಿಎಸ್ ಅಂದರೆ ವೆಕೇಶನ್ ಬೈಬಲ್ ಸ್ಕೂಲ್, ರಜೆಯ ಬೈಬಲ್ ಶಾಲೆ; ಚರ್ಚಿನ ಅಂಗಳದಲ್ಲೇ ನಡೆಯುತ್ತದೆ. ಬೆಳಗ್ಗೆ ಬಂದು ಹಾಡು, ಬೈಬಲ್ ಕಥೆ, ಕಂಠಪಾಠದ ವಾಕ್ಯ, ಕ್ರಾಫ್ಟ್ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಖರ್ಚು ಕಡಿಮೆ. ನೆರೆಮನೆಯ ಗೆಳೆಯರೂ ಬರುತ್ತಾರೆ.

ಕ್ಯಾಂಪಿನ ಜೀವ ಇರುವುದು ರಾತ್ರಿಯಲ್ಲಿ. ದೀಪ ಆರಿದ ಮೇಲೆ, ಹಗಲೆಲ್ಲ ತುಟಿ ಬಿಚ್ಚದ ಹುಡುಗ ಪಕ್ಕದವನ ಹತ್ತಿರ ಮನೆಯ ಕಷ್ಟ ಹೇಳಿಕೊಳ್ಳುತ್ತಾನೆ; ಬೆಳಗ್ಗೆ ತಾನಾಗಿ ಬಂದು ‘ನಮ್ಮಪ್ಪನಿಗೋಸ್ಕರ ಪ್ರಾರ್ಥನೆ ಮಾಡಿ ಟೀಚರ್’ ಅನ್ನುತ್ತಾನೆ. ವಿಬಿಎಸ್‌ನಲ್ಲಿ ನಾನಿದನ್ನು ಕಂಡಿಲ್ಲ. ಆದರೆ ಅದೇ ರಾತ್ರಿ, ಏಳು ವರ್ಷದ ಪುಟ್ಟಿಯೊಬ್ಬಳು ಅಮ್ಮ ಬೇಕೆಂದು ಬೆಳಗಿನವರೆಗೆ ಅತ್ತದ್ದನ್ನೂ ಮರೆತಿಲ್ಲ. ಒಂಬತ್ತು ತುಂಬದ ಮಕ್ಕಳನ್ನು ದಯವಿಟ್ಟು ಕಳಿಸಬೇಡಿ.

ಊಟಿ ದಾರಿಯ ಲೆಕ್ಕವೂ ಇದೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಹಗಲಲ್ಲೇ ದಾಟಬೇಕು. 2024ರ ಮೇ ತಿಂಗಳಿಂದ ಊಟಿ ಇರುವ ನೀಲಗಿರಿ ಜಿಲ್ಲೆಗೆ ಇ-ಪಾಸ್ (ಆನ್‌ಲೈನ್‌ನಲ್ಲಿ ಪಡೆಯುವ ವಾಹನ ಪ್ರವೇಶದ ಪಾಸ್) ಪದ್ಧತಿಯೂ ಬಂದಿದೆ. ಘಾಟಿಯಲ್ಲಿ ವಾಂತಿ ಮಾಡುವ ಮಕ್ಕಳಿಗೆ ಕವರ್, ನಿಂಬೆಹಣ್ಣು ಇಟ್ಟುಕೊಳ್ಳಿ. ಸ್ವೆಟರ್ ಬೇಕೇ ಬೇಕು.

ಹತ್ತಿರದಲ್ಲೇ ಉಳಿಯೋಣ ಎಂದು ಶ್ರೀರಂಗಪಟ್ಟಣದ ಕಡೆ ಕ್ಯಾಂಪ್ ಇಟ್ಟರೆ ಕಾವೇರಿಯ ಭಯ. ಬಲಮುರಿಯಲ್ಲಿ ನೀರು ಶಾಂತವಾಗಿ ಕಂಡರೂ ನಂಬಬಾರದು.

ನನ್ನ ಆಯ್ಕೆ: ಚಿಕ್ಕವರಿಗೆ ವಿಬಿಎಸ್, ಹೈಸ್ಕೂಲಿನವರಿಗೆ ಕ್ಯಾಂಪ್. ಹೆಣ್ಣುಮಕ್ಕಳ ಜೊತೆ ಮಲಗಲು ಪರಿಚಯದ ಆಂಟಿಯರು ಇಲ್ಲದಿದ್ದರೆ ಹಣ ಕಟ್ಟಿದ್ದರೂ ಬಿಟ್ಟುಬಿಡಿ.