ಒಂದೇ ಸ್ಕೂಟರ್, ಎರಡು ಊರಿನ ಮೀಟರ್

ದೆಹಲಿಯ ದ್ವಾರಕಾದಲ್ಲಿ ಎರಡು ವರ್ಷ ಓಡಿಸಿದ ಇ-ಸ್ಕೂಟರನ್ನು 2024ರಲ್ಲಿ ಬೆಂಗಳೂರಿನ ಬನಶಂಕರಿಗೆ ತಂದೆ. ಮನೆಯ ವಿದ್ಯುತ್ತಿನಲ್ಲೇ ಗಾಡಿ ಚಾರ್ಜ್ ಮಾಡಿಕೊಳ್ಳಬಹುದು ಎಂದು ಕೇಂದ್ರದ ಮಾರ್ಗಸೂಚಿ ಎರಡೂ ಊರಿಗೆ ಒಂದೇ ಮಾತು ಹೇಳುತ್ತದೆ. ಬಿಲ್ ಮಾತ್ರ ಬೇರೆ ಬೇರೆ ಹೇಳಿತು.

ದೆಹಲಿಯಲ್ಲಿ ಕಷ್ಟವೇ ಆಗಲಿಲ್ಲ ಅನ್ನಬೇಕು. ಅಲ್ಲಿನ 2020ರ ಇವಿ (ವಿದ್ಯುತ್ ವಾಹನ) ನೀತಿಯಲ್ಲಿ ಮೊದಲ 30,000 ಚಾರ್ಜಿಂಗ್ ಪಾಯಿಂಟ್‌ಗಳಿಗೆ ತಲಾ ₹6,000ರವರೆಗೆ ಸಬ್ಸಿಡಿ ಇತ್ತು. ವಿದ್ಯುತ್ ಕಂಪನಿಯ ವೆಬ್‌ಸೈಟಿನಲ್ಲೇ ಅರ್ಜಿ ಹಾಕಿ, ಅಲ್ಲೇ ಚಾರ್ಜರ್ ಆರಿಸಿದೆ. ನನ್ನ ಕೈಯಿಂದ ಬಿಟ್ಟದ್ದು ₹2,500. ಇವಿಗೇ ಬೇರೆ ಮೀಟರ್, ಯೂನಿಟ್‌ಗೆ ₹4.50, ಸರ್‌ಚಾರ್ಜ್ ಪ್ರತ್ಯೇಕ. ಮನೆಗೆ ಸರ್ಕಾರ ಕೊಡುತ್ತಿದ್ದ 200 ಯೂನಿಟ್ ಉಚಿತಕ್ಕೆ ಸ್ಕೂಟರ್ ಕೈ ಹಾಕಲೇ ಇಲ್ಲ.

ಇಲ್ಲಿ ಮೊದಲು ಎದುರಾದದ್ದು ಅಪಾರ್ಟ್‌ಮೆಂಟಿನ ಅಸೋಸಿಯೇಷನ್. "ಬೇಸ್‌ಮೆಂಟಲ್ಲಿ ಬೆಂಕಿ ಹತ್ಕೊಂಡ್ರೆ ಯಾರು ಸಾರ್ ಜವಾಬ್ದಾರಿ?" ಅಂತ ಸೆಕ್ರೆಟರಿ ಮೂರು ತಿಂಗಳು ಎಳೆದಾಡಿಸಿದರು. ಕೊನೆಗೆ ನನ್ನ ಮೀಟರಿನಿಂದ ಪಾರ್ಕಿಂಗಿನ ಕಂಬದವರೆಗೆ ಕೇಬಲ್ ಎಳೆಸಿ, ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, 15 ಆಂಪಿಯರ್ ಸಾಕೆಟ್ ಕೂರಿಸಿದೆ. ಗೆದ್ದೆ ಅಂದುಕೊಂಡೆ.

ಬಿಲ್ ಬಂತು. ಮನೆಗೆ 160, ಸ್ಕೂಟರಿಗೆ 55, ಒಟ್ಟು 215 ಯೂನಿಟ್. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಆಗಿನ ದರ ₹5.90ರಂತೆ ₹1,268.50, ಫಿಕ್ಸೆಡ್ ಚಾರ್ಜ್, ತೆರಿಗೆ ಬೇರೆ. ಹಿಂದಿನ ತಿಂಗಳು ಸೊನ್ನೆ ಇದ್ದದ್ದು! ಸ್ಕೂಟರ್ ಕುಡಿದ 55 ಯೂನಿಟ್‌ಗೆ ಹಂಚಿದರೆ ಯೂನಿಟ್ಟಿಗೆ 23 ರೂಪಾಯಿ ಬಿತ್ತು. ದೆಹಲಿಯಲ್ಲಿ ಮೀಟರ್ ಒಂದೇ ಇದ್ದು 200 ದಾಟಿದ್ದರೂ, 400ರವರೆಗೆ ಅರ್ಧ ಬಿಲ್ಲನ್ನು, ₹800 ಮೀರದಂತೆ, ಸರ್ಕಾರ ಹೊರುತ್ತಿತ್ತು.

ಬೆಸ್ಕಾಂನಲ್ಲೂ ಇವಿಗೆ ಪ್ರತ್ಯೇಕ ದರವಿದೆ, ಮನೆ ದರಕ್ಕಿಂತ ಕಡಿಮೆ. ಆದರೆ ಅದಕ್ಕೆ ಹೊಸ ಆರ್‌ಆರ್ ನಂಬರ್, ಅಂದರೆ ಬೇರೆಯದೇ ವಿದ್ಯುತ್ ಸಂಪರ್ಕ, ಬೇಕು. ನಮ್ಮ ಕಟ್ಟಡಕ್ಕೆ ಒಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಇಲ್ಲ. ಒಸಿ ಇಲ್ಲದ ಕಟ್ಟಡಕ್ಕೆ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಬಾಗಿಲೂ ಮುಚ್ಚಿತು. 2017ರಲ್ಲೇ, ದೇಶದಲ್ಲೇ ಮೊದಲಿಗೆ ಇವಿ ನೀತಿ ತಂದ ರಾಜ್ಯ ನಮ್ಮದು ಅಂತ ಬೀಗುತ್ತಿದ್ದವನು ನಾನೇ.

ರಸ್ತೆಬದಿ ಚಾರ್ಜಿಂಗ್‌ನಲ್ಲಿ ಬೆಂಗಳೂರೇ ವಾಸಿ, ನನ್ನ ಓಡಾಟದ ದಾರಿಯಲ್ಲೇ ನಾಲ್ಕು ಕಡೆ ಸಿಗುತ್ತದೆ. ಈಗ ವಾರದ ದಿನಗಳಲ್ಲಿ ಆಫೀಸಿನಲ್ಲಿ ಹಾಕುತ್ತೇನೆ. ಮನೆಯ ಸಾಕೆಟ್ ಭಾನುವಾರಕ್ಕೆ ಮಾತ್ರ, ಅದೂ ತಿಂಗಳ ಕೊನೆಯಾದರೆ ಮೀಟರ್ ನೋಡಿಕೊಂಡು.